ಎರಡು ಚಕ್ರಗಳ ನಡುವೆ ಒಂದು ದಾರ

ಶಿವಮೊಗ್ಗ ಬಿಟ್ಟು ಗಾಜನೂರು ದಾಟುತ್ತಿದ್ದಂತೆ ಎಸಿ ಆಫ್ ಮಾಡಿ ಕಾರಿನ ಕಿಟಕಿ ಇಳಿಸೋದು ನನ್ನ ಹಳೇ ಅಭ್ಯಾಸ. ಅಲ್ಲಿಂದ ಮುಂದೆ ತುಂಗೆ ಒಮ್ಮೆ ಕಾಣಿಸ್ತಾಳೆ, ಒಮ್ಮೆ ಮರೆಯಾಗ್ತಾಳೆ. ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆಯಲ್ಲಿ ನದಿ ನಡುವಿನ ಮರಗಳಲ್ಲಿ ಗೂಡು ಕಟ್ಟುವ ಬೆಳ್ಳಕ್ಕಿಗಳು, ಆಮೇಲೆ ಕಾಡು, ಅಡಿಕೆ ತೋಟ, ಮತ್ತೆ ಕಾಡು. ತೀರ್ಥಹಳ್ಳಿಗೆ 60 ಕಿಲೋಮೀಟರ್ ಚಿಲ್ಲರೆ. ಸಾಮಾನ್ಯವಾಗಿ ಎರಡು ಕಡೆಯಾದ್ರೂ ನಿಲ್ಲಿಸಿ ಫೋಟೊ ತೆಗೀತೀನಿ.

ಈ ಸಲ ಎಲ್ಲೂ ನಿಲ್ಲಿಸಲಿಲ್ಲ. ಡಿಕ್ಕಿಯಲ್ಲಿ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಎರಡು ಹಲಸಿನ ಹಲಗೆ ಇದ್ದವು. ಕೆಡಿಸಿದ್ದು ನಾನೇ. ಅಜ್ಜಿಗೆ ಹೇಗೆ ತೋರಿಸೋದು ಅನ್ನೋದೇ ದಾರಿಯುದ್ದಕ್ಕೂ ಯೋಚನೆ.

ಮನೆ ಹಿಂದಿನ ಹಲಸಿನ ಮರ ಅಜ್ಜ ನೆಟ್ಟಿದ್ದು. ಎರಡು ಮಳೆಗಾಲದ ಹಿಂದೆ ಗಾಳಿಗೆ ಬುಡಸಮೇತ ಬಿತ್ತು. ಕಾಗದ-ಪತ್ರದ ಕೆಲಸ ಮುಗಿಸಿ ಚಿಕ್ಕಪ್ಪ ಅದನ್ನು ಊರಿನ ಸಾಮಿಲ್ಲಿಗೆ ಸಾಗಿಸಿ, ಬಾಗಿಲ ಚೌಕಟ್ಟಿಗೆ ಆಗಬಹುದು ಅಂತ ದಪ್ಪ ದಪ್ಪ ಹಲಗೆ ಕೊಯ್ಯಿಸಿಟ್ಟಿದ್ದರು. ಒಳಗೆ ಅರ್ಧ ಪೊಳ್ಳಾಗಿತ್ತು. ಕೊಟ್ಟಿಗೆ ಅಟ್ಟದ ಮೇಲೆ ಒಣಗಿದ ಮೇಲೆ ನೋಡಿದರೆ ಬಿರುಕು, ಹುಳ ಇಲ್ಲದ ತುಂಡು ಉಳಿದದ್ದು ನಾಲ್ಕೇ ನಾಲ್ಕು. ಒಂದೊಂದೂ ಎರಡು ಅಡಿ ಉದ್ದ, ಆರಿಂಚು ಅಗಲ, ಎರಡೂಕಾಲು ಇಂಚು ದಪ್ಪ.

“ಮೊಮ್ಮಕ್ಕಳು ನಾಲ್ಕು ಜನ. ಒಬ್ಬೊಬ್ಬರಿಗೆ ಒಂದು ಮಣೆ ಮಾಡ್ಕೊಡು ಮಗಾ. ಅಜ್ಜನ ಮರದ್ದು ಅಂತ ಇರ್ಲಿ. ಎಳ್ಳಮಾಸೆಗೆ ಎಲ್ಲರೂ ಬರ್ತಾರಲ್ಲ” ಅಂದಿದ್ದರು ಅಜ್ಜಿ.

ನನಗೆ ಮರಗೆಲಸದ ಹುಚ್ಚು. ವಾರಪೂರ್ತಿ ಲ್ಯಾಪ್‌ಟಾಪ್ ಮುಂದೆ ಕೂತವರಿಗೆ ಶನಿವಾರ ಕೈಗೆ ಏನಾದ್ರೂ ಬೇಕಲ್ಲ. ಮೈಸೂರು ರಸ್ತೆ ಕಡೆ ಸ್ನೇಹಿತನ ಜೊತೆ ಒಂದು ಶೆಡ್ ಹಂಚಿಕೊಂಡಿದ್ದೀನಿ. ಅಲ್ಲಿ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದ 14 ಇಂಚಿನ ಬ್ಯಾಂಡ್ ಸಾ ಇದೆ. ಗೊತ್ತಿಲ್ಲದವರಿಗೆ ಸುಲಭವಾಗಿ ಹೇಳೋದಾದ್ರೆ, ಮೇಲೊಂದು ಕೆಳಗೊಂದು ಚಕ್ರ. ಎರಡನ್ನೂ ಬಳಸಿ ಓಡುವ ಪಟ್ಟಿಯಂಥ ಗರಗಸ. ಹೊಲಿಗೆ ಮಷೀನಿನ ಬೆಲ್ಟಿಗೆ ಹಲ್ಲು ಬಂದ ಹಾಗೆ.

ನನ್ನ ಪ್ಲಾನ್ ಸರಳವಾಗಿತ್ತು. ಆರಿಂಚಿನ ತುಂಡನ್ನು ಅಂಚಿನ ಮೇಲೆ ನಿಲ್ಲಿಸಿ ದಪ್ಪವನ್ನು ಸರಿಯಾಗಿ ಎರಡು ಭಾಗ ಸೀಳೋದು, ಪುಸ್ತಕ ತೆರೆದ ಹಾಗೆ ಪಕ್ಕಪಕ್ಕ ಜೋಡಿಸಿ ಅಂಟಿಸೋದು. ಹನ್ನೆರಡು ಇಂಚು ಅಗಲದ ಮಣೆ ಸಿಗುತ್ತೆ, ಮರದ ಗೆರೆಗಳು ಎರಡೂ ಕಡೆ ಕನ್ನಡಿ ಹಿಡಿದಂತೆ ಕೂರುತ್ತವೆ.

ಮೊದಲನೇ ತುಂಡು ಸೀಳಿದೆ. ಶುರುವಿನಲ್ಲಿ ಎರಡೂ ಭಾಗ ಒಂದಿಂಚು ಇತ್ತು. ಕೊನೆಗೆ ಬರುವಷ್ಟರಲ್ಲಿ ಒಂದು ಹಲಗೆ ಒಂದೂವರೆ ಇಂಚು, ಇನ್ನೊಂದು ಅರ್ಧ ಇಂಚು. ಬ್ಲೇಡ್ ಗೆರೆ ಬಿಟ್ಟು ತನ್ನ ಪಾಡಿಗೆ ತಾನು ಹೋಗಿತ್ತು. ಬ್ಲೇಡ್ ಹೊಸದು. ವಿಡಿಯೊ ನೋಡಿ ಗೈಡ್ ಸರಿಮಾಡಿದ್ದೆ, ಫೆನ್ಸ್ ಸ್ವಲ್ಪ ಓರೆ ಇಟ್ಟು ನೋಡಿದ್ದೆ, ಎರಡು ಚಕ್ರ ಒಂದೇ ಸಮಕ್ಕೆ ಇವೆಯಾ ಅಂತಲೂ ಪರೀಕ್ಷೆ ಮಾಡಿದ್ದೆ. ಎಲ್ಲ ಸರಿ ಇತ್ತು ಅಂತಲೇ ಅಂದುಕೊಂಡಿದ್ದೆ.

ಉಳಿದದ್ದು ಮೂರು ತುಂಡು. ಮುಟ್ಟೋಕೆ ಧೈರ್ಯ ಬರಲಿಲ್ಲ. ಅವನ್ನು ಊರಿನ ಸಾಮಿಲ್ಲಿನಲ್ಲೇ ಸೀಳಿಸಿಬಿಡೋಣ ಅಂತ ಹೊರಟಿದ್ದೆ.

ತೀರ್ಥಹಳ್ಳಿ ಅಂದರೆ ಕೊಡಲಿಯ ಕಥೆ ಇರುವ ಊರು. ಪರಶುರಾಮನ ಕೊಡಲಿಗೆ ಅಂಟಿದ ರಕ್ತದ ಕಲೆ ಎಲ್ಲಿ ತೊಳೆದರೂ ಹೋಗದೆ ಇಲ್ಲಿ ತುಂಗೆಯಲ್ಲಿ ಹೋಯ್ತು ಅನ್ನೋದು ಸ್ಥಳಪುರಾಣ. ಅದಕ್ಕೇ ರಾಮತೀರ್ಥ, ಅದಕ್ಕೇ ದಡದ ಮೇಲೆ ರಾಮೇಶ್ವರ ದೇವಸ್ಥಾನ, ಎಳ್ಳಮಾವಾಸ್ಯೆಗೆ ಜಾತ್ರೆ. ಚಿಕ್ಕವರಿದ್ದಾಗ ಜಾತ್ರೆಯಲ್ಲಿ ಬೆಂಡು-ಬತ್ತಾಸು ಕೊಡಿಸುವ ಮೊದಲು ಅಜ್ಜ ಈ ಕಥೆ ಹೇಳಿಯೇ ಹೇಳ್ತಿದ್ದರು.

ಸಾಮಿಲ್ಲು ಇರೋದು ಊರ ಹೊರಗೆ. ಮುಂದಿನ ಅಂಗಳದಲ್ಲಿ ದಿಮ್ಮಿಗಳ ರಾಶಿ, ಒಳಗೆ ತಗಡಿನ ಮಾಡಿನ ಕೆಳಗೆ ಮಷೀನು, ಎಲ್ಲ ಕಡೆ ಮರದ ಪುಡಿಯ ವಾಸನೆ. ಹಳೇ ಮಿಲ್ಲು. ಕಾಡಿನ ವಿಚಾರದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಕೊಟ್ಟ ಆದೇಶದ ನಂತರ ಸಾಮಿಲ್ಲುಗಳ ಪರವಾನಗಿ ಬಿಗಿಯಾಯಿತು. ಹಾಗಾಗಿ ಮಲೆನಾಡಿನಲ್ಲಿ ನೀವು ನೋಡುವ ಮಿಲ್ಲುಗಳಲ್ಲಿ ಹಳೆಯವೇ ಹೆಚ್ಚು. ಮಷೀನೂ ಹಳತು, ನಡೆಸುವ ಕೈಗಳೂ ಹಳತು.

ಮೇಸ್ತ್ರಿಗೆ ಅರವತ್ತು ದಾಟಿದೆ. ಚಿಕ್ಕಪ್ಪನಿಗೆ ಬಹಳ ಪರಿಚಯ. ನಾನು ಬೆಡ್‌ಶೀಟ್ ಬಿಚ್ಚಿ ಕೆಟ್ಟ ಹಲಗೆ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ಅಂಗೈಯಿಂದ ಒಂದು ಸಲ ಸವರಿದರು.

“ಇದು ನಿಮ್ಮನೆ ಹಿಂದಿನ ಹಲಸು ಅಲ್ದಾ? ನಾನೇ ಕೊಯ್ದಿದ್ದು.”

“ಹೌದು. ಈ ಮೂರನ್ನೂ ನೀವೇ ಸೀಳಿಕೊಡಿ.”

“ಎಂತ ಮಾರಾಯ್ರೆ, ನಮ್ ಮಷೀನಿಗೆ ಇದು ಕಡ್ಡಿ ಇದ್ದ ಹಾಗೆ. ಟ್ರಾಲಿ ಮೇಲೆ ಕೂರೂದೂ ಇಲ್ಲ. ನಿಮ್ಮ ಮಷೀನಲ್ಲೇ ಆಗ್ತದೆ.”

ಆಗಲ್ಲ ಅಂತ ನಾನು ಅಳು ಮುಖ ಮಾಡಿದೆ ಅಂತ ಕಾಣುತ್ತೆ. ಅವರು ಹಲಗೆಯನ್ನು ಮತ್ತೆ ಎತ್ತಿಕೊಂಡು ಡಾಕ್ಟರ್ ಎಕ್ಸ್‌ರೇ ತೋರಿಸಿದ ಹಾಗೆ ತೋರಿಸಿದರು. “ನೋಡಿ, ಅವಸರ ಮಾಡಿ ತಳ್ಳಿದ್ರೆ, ಇಲ್ಲಾ ಬ್ಲೇಡ್ ಮೊಂಡಾಗಿದ್ರೆ, ಸಡಿಲ ಆಗಿದ್ರೆ, ಹಲಗೆ ನಡುವೆ ಹೊಟ್ಟೆ ಬರ್ತದೆ. ಇದ್ರಲ್ಲಿ ಹೊಟ್ಟೆ ಇಲ್ಲ. ಮೊದಲಿಂದ ಕೊನೇವರೆಗೂ ಒಂದೇ ಕಡೆ ಓಡಿದೆ. ಬ್ಲೇಡ್ ಹೊಸದು ಅಂತೀರಿ. ಹಂಗಾದ್ರೆ ಚಕ್ರ ನೋಡ್ಬೇಕು.”

“ಚಕ್ರ ನೋಡಿದೆ. ಪಟ್ಟಿ ಇಟ್ಟು ನೋಡಿದೆ. ಸರಿಯಾಗೇ ಇತ್ತು.”

“ಬ್ಲೇಡ್ ಬಿಗಿ ಮಾಡಿ ನೋಡಿದ್ರೋ, ಸಡಿಲ ಇದ್ದಾಗ ನೋಡಿದ್ರೋ?”

ನಾನು ಸುಮ್ಮನಾದೆ. ಬ್ಲೇಡ್ ಹಾಕುವ ಮೊದಲೇ ನೋಡಿದ್ದೆ.

ಅವರು ನಕ್ಕರು. “ಸಡಿಲ ಇದ್ದಾಗ ಎಲ್ಲಾ ಚಕ್ರಾನೂ ಸರಿನೇ.”

ಮಧ್ಯಾಹ್ನ ಬ್ಲೇಡ್ ಬದಲಿಸುವ ಹೊತ್ತಾಗಿತ್ತು. ನಿಂತು ನೋಡಿ ಅಂದರು. ಮೊದಲು ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡರು. ಆ ಮಷೀನಿನ ಚಕ್ರಗಳು ಎತ್ತಿನ ಗಾಡಿಯ ಗಾಲಿಗೆ ಸರಿಸಮ ಅನಿಸುವಷ್ಟು ದೊಡ್ಡವು. ಬ್ಲೇಡ್ ಅಂಗೈಗಿಂತ ಅಗಲ. ಇಬ್ಬರು ಹುಡುಗರು ಹಾವು ಹಿಡಿದ ಹಾಗೆ ಹಳೇ ಬ್ಲೇಡ್ ಇಳಿಸಿ, ಹರಿತ ಮಾಡಿಟ್ಟಿದ್ದ ಇನ್ನೊಂದನ್ನು ಏರಿಸಿದರು. ಹರಿತ ಮಾಡುವವರಿಗೆ ಈ ಕಸುಬಿನಲ್ಲಿ ‘ಸಾ ಡಾಕ್ಟರ್’ ಅಂತಲೇ ಹೆಸರು. ಬ್ಲೇಡಿನ ಹಲ್ಲುಗಳು ಚಕ್ರದ ಅಂಚಿನಿಂದ ಹೊರಗೆ ಉಳಿಯುವ ಹಾಗೆ ಕೂರಿಸಿದರು; ಉಕ್ಕಿನ ಚಕ್ರಕ್ಕೆ ತಾಗಿದರೆ ಹಲ್ಲು ಹಾಳು. ಸನ್ನೆಕೋಲಿಗೆ ತೂಗುಹಾಕಿದ ಭಾರ ಬಿಟ್ಟಾಗ ಮೇಲಿನ ಚಕ್ರ ಎದ್ದು ಬ್ಲೇಡ್ ಬಿಗಿಯಾಯ್ತು.

ಆಮೇಲೆ ಮೇಸ್ತ್ರಿ ಜೇಬಿನಿಂದ ತೆಗೆದದ್ದು ಒಂದು ದಾರದ ಉಂಡೆ.

ಒಬ್ಬ ಹುಡುಗ ಕೆಳಗಿನ ಚಕ್ರದ ಬುಡದ ಅಂಚಿಗೆ ದಾರ ಒತ್ತಿ ಹಿಡಿದ. ಮೇಸ್ತ್ರಿ ಏಣಿ ಹತ್ತಿ ಮೇಲಿನ ಚಕ್ರದ ತಲೆಯ ಅಂಚಿಗೆ ಎಳೆದು ಹಿಡಿದರು. ದಾರ ಎರಡೂ ಚಕ್ರಗಳ ಮುಖದ ಮೇಲೆ ಹಾದು ಹೋಯ್ತು. “ಈಗ ನೋಡಿ. ಕೆಳಗಿನ ಚಕ್ರದಲ್ಲಿ ಎರಡು ಕಡೆ, ಮೇಲಿನದ್ರಲ್ಲಿ ಎರಡು ಕಡೆ. ನಾಲ್ಕೂ ಕಡೆ ದಾರ ತಾಗ್ಬೇಕು. ಒಂದು ಕಡೆ ಬೆಳಕು ಕಂಡ್ರೆ ಚಕ್ರ ಓರೆ. ಒಂದು ಚಕ್ರದ ಎರಡೂ ಕಡೆ ಒಂದೇ ಸಮ ಬೆಳಕು ಕಂಡ್ರೆ ಓರೆ ಇಲ್ಲ, ಆದ್ರೆ ಹಿಂದೆ ಮುಂದೆ ಆಗಿದೆ. ಓರೆಗೆ ಬೇರೆ ಮದ್ದು, ಹಿಂದೆ ಮುಂದೆಗೆ ಬೇರೆ ಮದ್ದು.”

ಚಹಾ ಬಂತು. ದಾರ ಸುತ್ತಿಕೊಳ್ಳುತ್ತಾ ಅವರು ತಮ್ಮ ಅಪ್ಪನ ಕಥೆ ಹೇಳಿದರು. ಮಿಲ್ಲು ಬರುವ ಮೊದಲು ಮರ ಕೊಯ್ಯೋಕೆ ಜೋಡಿ ಬೇಕಿತ್ತು. ದಿಮ್ಮಿ ಎತ್ತರಕ್ಕೆ ಏರಿಸಿ, ಒಬ್ಬ ಮೇಲೆ ನಿಂತು, ಒಬ್ಬ ಕೆಳಗೆ ನಿಂತು ಉದ್ದ ಗರಗಸ ಎಳೀತಿದ್ದರು. ಅವರ ಅಪ್ಪ ಕೆಳಗಿನವರು. ಹೊಟ್ಟು ಎಲ್ಲ ಕಣ್ಣಿಗೇ. “ಮೇಲಿನವ ಗೆರೆ ನೋಡ್ತಿದ್ದ. ಕೆಳಗಿನವ ಅವನ ಕೈ ನೋಡ್ತಿದ್ದ. ಒಬ್ಬ ಒಂದು ಬೆರಳು ಆಚೆ ಎಳೆದ್ರೆ ಹಲಗೆ ಮುಗೀತು. ಈಗ ಮನುಷ್ಯರ ಬದಲು ಚಕ್ರ ಬಂದಿದೆ, ಅಷ್ಟೇ.”

ಹೊರಡುವಾಗ ಇನ್ನೊಂದು ಮಾತು ಹೇಳಿದರು. ಅದು ನನಗೆ ಯಾವ ವಿಡಿಯೊದಲ್ಲೂ ಸಿಕ್ಕಿರಲಿಲ್ಲ. “ಮಷೀನ್ ನೇರ ಕೊಯ್ತಿದ್ರೆ ಚಕ್ರ ಬಿಚ್ಚೂಕೆ ಹೋಗ್ಬೇಡಿ. ಸಣ್ಣ ಮಷೀನು ಕೂದಲಷ್ಟು ಹೆಚ್ಚು ಕಮ್ಮಿ ಇದ್ರೂ ಓಡ್ತದೆ. ತೊಂದ್ರೆ ಇದ್ರೆ ಮಾತ್ರ ನೋಡಿ. ನೋಡೂದಾದ್ರೆ ಬಿಗಿ ಮಾಡೇ ನೋಡಿ.”

ಅಜ್ಜಿಗೆ ಕೆಟ್ಟ ಹಲಗೆ ತೋರಿಸಿದೆ. ಬೈಯಲಿಲ್ಲ. “ಮೂರು ಇದ್ಯಲ್ಲ” ಅಂದರು. ಆ ಮಾತು ಬೈಗುಳಕ್ಕಿಂತ ಭಾರ.

ಭಾನುವಾರ ರಾತ್ರಿ ಬೆಂಗಳೂರು, ಮುಂದಿನ ಶನಿವಾರ ಶೆಡ್ಡು. ಪ್ಲಗ್ ಕಿತ್ತು ಕಣ್ಣೆದುರು ಮೇಜಿನ ಮೇಲಿಟ್ಟೆ. ಎರಡೂ ಬಾಗಿಲು ತೆರೆದು, ಟೇಬಲ್ ಬಿಚ್ಚಿ ಪಕ್ಕಕ್ಕಿಟ್ಟು, ಮೇಲಿನ-ಕೆಳಗಿನ ಗೈಡುಗಳನ್ನೆಲ್ಲ ಬ್ಲೇಡಿನಿಂದ ದೂರ ಸರಿಸಿದೆ. ಗೈಡ್ ತಾಗಿಕೊಂಡಿದ್ದರೆ ಬ್ಲೇಡ್ ತನ್ನ ನಿಜವಾದ ಜಾಗ ತೋರಿಸಲ್ಲ.

ಮೊದಲು ಸಡಿಲ ಇಟ್ಟೇ ದಾರ ಹಿಡಿದು ನೋಡಿದೆ, ನನ್ನ ತಪ್ಪು ನನಗೇ ಗೊತ್ತಾಗಲಿ ಅಂತ. ಮೇಲಿನ ಚಕ್ರ ಕೂತಿರುವ ಹಿಂಜು ಸಡಿಲ ಇದ್ದಾಗ ತೂಗಾಡುತ್ತೆ. ಬೆರಳಲ್ಲಿ ತಳ್ಳಿದ ಕಡೆ ವಾಲುತ್ತೆ. ಹೋದ ಸಲ ನಾನು ನನಗೇ ಗೊತ್ತಿಲ್ಲದೆ ಅದನ್ನು ಪಟ್ಟಿಗೆ ತಾಗುವ ಹಾಗೆ ತಳ್ಳಿ ‘ಸರಿ ಇದೆ’ ಅಂದುಕೊಂಡಿದ್ದೆ.

ಈಗ ಬ್ಲೇಡ್ ಹಾಕಿ, ಕೊಯ್ಯುವಾಗ ಎಷ್ಟು ಬಿಗಿ ಇರಬೇಕೋ ಅಷ್ಟೇ ಬಿಗಿ ಮಾಡಿದೆ. ಸ್ನೇಹಿತ ಕೆಳಗೆ, ನಾನು ಮೇಲೆ. ಚಕ್ರದ ನಡುವಿನ ನಟ್‌ಗೆ ತಾಗದ ಹಾಗೆ ದಾರವನ್ನು ಸ್ವಲ್ಪ ಪಕ್ಕಕ್ಕೆ ಹಿಡಿದೆವು. ಕೆಳಗಿನ ಚಕ್ರದಲ್ಲಿ ಎರಡೂ ಕಡೆ ತಾಗಿತು. ಮೇಲಿನದ್ರಲ್ಲಿ ಎರಡೂ ಕಡೆ ಬೆಳಕು. ಒಂದು ಕಡೆ ಸ್ವಲ್ಪ ಹೆಚ್ಚು, ಒಂದು ಕಡೆ ಕಮ್ಮಿ. ಹಿಂದಿನ ಓರೆ ಸ್ಕ್ರೂ ತಿರುಗಿಸಿ ಎರಡೂ ಕಡೆ ಸಮ ಮಾಡಿದಾಗ ಅಂತರ 3 ಮಿಲಿಮೀಟರ್. ಅಂದರೆ ಮೇಲಿನ ಚಕ್ರ ಕೆಳಗಿನದಕ್ಕಿಂತ ಅಷ್ಟು ಹಿಂದೆ ಕೂತಿತ್ತು. ಹಿಂದಿನವರು ಬೇರಿಂಗ್ ಬದಲಿಸುವಾಗ ವಾಷರ್ ಹಾಕೋಕೆ ಮರೆತಿರಬೇಕು.

ಆಗ ಎಲ್ಲ ಅರ್ಥವಾಯ್ತು. ಈ ಸಣ್ಣ ಮಷೀನಿನ ಚಕ್ರಕ್ಕೆ ರಬ್ಬರ್ ಟೈರ್ ಇರುತ್ತೆ, ಅದರ ನಡುಭಾಗ ಸ್ವಲ್ಪ ಉಬ್ಬು. ಹಳೇ ಹಿಟ್ಟಿನ ಗಿರಣಿಯ ಅಗಲ ಬೆಲ್ಟ್ ನೋಡಿದ್ದರೆ ನೆನಪಿರಬಹುದು. ರಾಟೆಯ ನಡುಭಾಗ ಉಬ್ಬಿದ್ದರೆ ಬೆಲ್ಟ್ ಆ ಉಬ್ಬಿನ ಮೇಲಕ್ಕೇ ಹತ್ತಿ ನಿಲ್ಲುತ್ತೆ, ಜಾರಲ್ಲ. ಬ್ಲೇಡೂ ಹಾಗೇ. ಆದರೆ ಎರಡು ಉಬ್ಬುಗಳು ಒಂದೇ ಸಾಲಿನಲ್ಲಿಲ್ಲ. ಬ್ಲೇಡ್ ನಿಲ್ಲಿಸೋಕೆ ನಾನು ಮೇಲಿನ ಚಕ್ರವನ್ನು ಸ್ಕ್ರೂನಲ್ಲಿ ಓರೆ ಮಾಡ್ತಾ ಹೋಗಿದ್ದೆ. ಬ್ಲೇಡ್ ನಿಂತಿತ್ತು, ಬಲವಂತಕ್ಕೆ. ಮರ ಸಿಕ್ಕ ಕೂಡಲೇ ತನಗೆ ಬೇಕಾದ ಕಡೆ ಹೊರಟಿತ್ತು. ನಾನು ಆ ತಪ್ಪನ್ನು ಗೈಡ್ ಒತ್ತಿ, ಫೆನ್ಸ್ ಓರೆ ಮಾಡಿ ಮುಚ್ಚೋಕೆ ನೋಡಿದ್ದೆ.

ಬ್ಲೇಡ್ ಇಳಿಸಿ, ಮೇಲಿನ ಚಕ್ರ ಕಳಚಿ, ಒಂದೂವರೆ ಮಿಲಿಮೀಟರಿನ ಎರಡು ವಾಷರ್ ಹಿಂದೆ ಹಾಕಿ ಮತ್ತೆ ಕೂರಿಸಿದೆ. ಮತ್ತೆ ಬ್ಲೇಡ್, ಮತ್ತೆ ಬಿಗಿ, ಮತ್ತೆ ದಾರ. ನಾಲ್ಕೂ ಕಡೆ ತಾಗಿತು.

ಮುಂದಿನ ಕ್ರಮ, ನಿಮ್ಮಲ್ಲಿ ಯಾರಿಗಾದ್ರೂ ಉಪಯೋಗಕ್ಕೆ ಬರಲಿ ಅಂತ ಹೇಳ್ತೀನಿ. ಚಕ್ರವನ್ನು ಕೈಯಲ್ಲೇ ಹತ್ತಾರು ಸುತ್ತು ತಿರುಗಿಸಿ, ಬ್ಲೇಡ್ ಟೈರಿನ ನಡುವೆ ನಿಲ್ಲುವ ಹಾಗೆ ಓರೆ ಸ್ಕ್ರೂ ಚೂರೇ ಚೂರು ಆಡಿಸಿ. ಈಗ ಚಕ್ರಗಳು ಒಂದೇ ಸಾಲಿನಲ್ಲಿರೋದ್ರಿಂದ ಹೆಚ್ಚು ತಿರುಗಿಸೋ ಅಗತ್ಯ ಬರಲ್ಲ. ಬಾಗಿಲು ಮುಚ್ಚಿದ ಮೇಲೇ ಪ್ಲಗ್ ಹಾಕಿ ಒಂದು ಕ್ಷಣ ಓಡಿಸಿ ನೋಡಿ, ಮತ್ತೆ ಕೀಳಿ. ಬ್ಲೇಡ್ ನಿಂತ ಜಾಗ ಖಾತ್ರಿಯಾದ ಮೇಲೆ ಟೇಬಲ್ ಕೂರಿಸಿ, ಅದು ಬ್ಲೇಡಿಗೆ ಮೂಲೆಮಟ್ಟ ಇದೆಯಾ ನೋಡಿ. ಗೈಡುಗಳು ಕೊನೆಗೆ. ಪಕ್ಕದ ಗೈಡುಗಳಿಗೂ ಬ್ಲೇಡಿಗೂ ನಡುವೆ ಒಂದು ಕಾಗದ ಹೋಗುವಷ್ಟು ಜಾಗ, ಹಲ್ಲಿಗೆ ತಾಗದ ಹಾಗೆ ಹಲ್ಲಿನ ಕಣಿವೆಗಿಂತ ಸ್ವಲ್ಪ ಹಿಂದೆ. ಬೆನ್ನಿನ ಬೇರಿಂಗು ಖಾಲಿ ಓಡುವಾಗ ಬ್ಲೇಡಿಗೆ ತಾಗಬಾರದು, ಮರ ತಳ್ಳಿದಾಗ ಮಾತ್ರ ತಾಗಬೇಕು. ನಾನು ಮಾಡಿದ್ದು ಉಲ್ಟಾ. ಗೈಡಿನಿಂದ ಶುರು ಮಾಡಿ ಚಕ್ರಕ್ಕೆ ಬಂದಿದ್ದೆ.

ಕೆಲಸ ಮುಗಿಸಿ ಕೂತಾಗ ಈ ಗರಗಸದ ಚರಿತ್ರೆ ನೆನಪಾಯ್ತು. ಸುತ್ತುವ ಗರಗಸದ ಯೋಚನೆಗೆ ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ 19ನೇ ಶತಮಾನದ ಆರಂಭದಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಪಟ್ಟಿಯ ಎರಡು ತುದಿ ಬೆಸೆದ ಜಾಗ ಬಾಳಿಕೆ ಬರ್ತಿರಲಿಲ್ಲ. ಅದಕ್ಕೊಂದು ದಾರಿ ಕಂಡುಕೊಂಡವಳು ಫ್ರಾನ್ಸ್‌ನ ಆನ್ ಪೋಲಿನ್ ಕ್ರೆಪಾ ಎಂಬ ಹೆಂಗಸು, 1846ರಲ್ಲಿ. ಅಷ್ಟು ದೊಡ್ಡವರಿಗೇ ದಶಕಗಳು ಹಿಡಿದ ಮಷೀನು, ನನಗೆ ಎರಡು ವಾರ ಆಟ ಆಡಿಸಿದ್ದು ಹೆಚ್ಚೇನಲ್ಲ ಅಂತ ಸಮಾಧಾನ ಮಾಡಿಕೊಂಡೆ.

ಹಲಸಿಗೆ ಕೈ ಹಾಕುವ ಮೊದಲು ಸಿಲ್ವರ್ ಓಕ್ ಚೂರುಗಳನ್ನು ಸೀಳಿ ನೋಡಿದೆ. ಒಂದು, ಎರಡು, ಮೂರು. ಆಮೇಲೆ ಉಳಿದ ಮೂರರಲ್ಲಿ ಒಂದನ್ನು ಅಂಚಿನ ಮೇಲೆ ನಿಲ್ಲಿಸಿದೆ. ಕೈ ಬೆವತಿತ್ತು. ಅವಸರ ಮಾಡದೆ, ಕೊನೆಯ ನಾಲ್ಕಿಂಚು ಬೆರಳಿನ ಬದಲು ತಳ್ಳುಕೋಲಿನಲ್ಲಿ ತಳ್ಳಿದೆ. ಹಳದಿ ಪುಡಿ ಕೆಳಗೆ ಸುರಿಯಿತು. ಅಜ್ಜನ ಕೊಟ್ಟಿಗೆಯ ವಾಸನೆ ಮೈಸೂರು ರಸ್ತೆಯ ಶೆಡ್ಡಿನಲ್ಲಿ.

ಅಳತೆ ಹಿಡಿದೆ. ಆ ತುದಿಗೂ ಈ ತುದಿಗೂ ಅರ್ಧ ಮಿಲಿಮೀಟರ್ ವ್ಯತ್ಯಾಸ. ಅಷ್ಟು ಕೀಸುಳಿಯಲ್ಲಿ ಹೋಗುತ್ತೆ. ಎರಡು ಹಲಗೆ ಪುಸ್ತಕದ ಹಾಗೆ ತೆರೆದಿಟ್ಟಾಗ, ಒಂದು ಸಣ್ಣ ಗಂಟು ಎರಡೂ ಕಡೆ ಕಣ್ಣಿನಂತೆ ಕೂತಿತ್ತು. ಸ್ನೇಹಿತ ಏನೂ ಹೇಳದೆ ಚಹಾ ತರೋಕೆ ಹೋದ.

ಎಳ್ಳಮಾವಾಸ್ಯೆಗೆ ಮೂರು ಮಣೆ ತೀರ್ಥಹಳ್ಳಿ ತಲುಪಿದವು. ಮೂರೂ ಅಣ್ಣತಮ್ಮಂದಿರ ಮಕ್ಕಳಿಗೆ, ಅಜ್ಜಿಯ ಕೈಯಿಂದಲೇ. ನಾಲ್ಕನೆಯದು? ಕೆಟ್ಟ ಹಲಗೆಗಳನ್ನೂ ಬಿಸಾಡಲಿಲ್ಲ. ದಪ್ಪ ತುದಿಯನ್ನು ತೆಳ್ಳಗಿನ ತುದಿಯಷ್ಟಕ್ಕೆ ಕೆತ್ತಿ, ಅರ್ಧ ಇಂಚಿನ ಮಣೆ ಮಾಡಿ, ಅಡಿಗೆ ಎರಡು ಪಟ್ಟಿ ಕೊಟ್ಟೆ. ಗೆರೆಗಳು ಎರಡೂ ಕಡೆ ಹೊಂದಲ್ಲ, ಕೂತರೆ ಸ್ವಲ್ಪ ಬಾಗುತ್ತೆ. ಅದು ನನ್ನದು.

ಜಾತ್ರೆ ಮುಗಿಸಿ ಬರುವ ದಾರಿಯಲ್ಲಿ ಸಾಮಿಲ್ಲಿಗೆ ಹೋಗಿ ಮೇಸ್ತ್ರಿಗೆ ಒಂದು ಮಣೆಯ ಫೋಟೊ ತೋರಿಸಿದೆ. ಫೋನ್ ದೂರ ಹಿಡಿದು ನೋಡಿ, ಬೆರಳಲ್ಲಿ ದೊಡ್ಡದು ಮಾಡಿಸಿಕೊಂಡು ಆ ಗಂಟನ್ನು ನೋಡಿದರು. ಹೊಗಳಲಿಲ್ಲ. ಕೇಳಿದ್ದು ಒಂದೇ:

“ಕೆಲಸ ಆದ್ಮೇಲೆ ಬ್ಲೇಡ್ ಸಡಿಲ ಮಾಡಿಟ್ರಾ? ಹಂಗೇ ಬಿಗಿ ಬಿಟ್ರೆ ಟೈರು ಒತ್ತಿ ಹೋಗ್ತದೆ.”

ಮಾಡಿಟ್ಟಿರಲಿಲ್ಲ. ಮಂಡಗದ್ದೆ ದಾಟುವಾಗ ಸ್ನೇಹಿತನಿಗೆ ಫೋನ್ ಮಾಡಿದೆ. ಅವನು ಶೆಡ್ಡಿಗೆ ಹೋಗಿ ಸಡಿಲ ಮಾಡಿ ಮೆಸೇಜ್ ಹಾಕಿದ ಮೇಲೇ, ಕಾರು ನಿಲ್ಲಿಸಿ ನದಿಯ ಫೋಟೊ ತೆಗೆದದ್ದು.